ಎದುರಾಳಿ ಕಾಲೇಜು ಬರುವ ಮುನ್ನ: ಫುಟ್‌ಬಾಲ್ ಮೈದಾನ ಸಿದ್ಧ ಮಾಡುವ ಬಗೆ

ಒಂದೇ ರಾಜ್ಯದ ಎರಡು ಹಳೆಯ ಕಾಲೇಜುಗಳು ಎದುರುಬದುರಾಗುತ್ತವೆ ಎಂದರೆ ಹದಿನೈದು ದಿನ ಮೊದಲೇ ಕ್ಯಾಂಟೀನಿನಲ್ಲಿ ಮಾತು ಕಾವೇರಿರುತ್ತದೆ. ಆ ಕಾವು ಒಳ್ಳೆಯದೇ, ಮೈದಾನದ ಸುತ್ತ ಜನ ತುಂಬುವುದು ಅದರಿಂದಲೇ. ಅದು ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗುವುದು ಎಲ್ಲಿ ಎಂದು ಗಮನಿಸಿ: ಫೌಲ್ ಆದದ್ದು ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನ ಒಳಗೋ ಹೊರಗೋ, ಚೆಂಡು ಗೆರೆ ದಾಟಿತೋ ಇಲ್ಲವೋ, ಕತ್ತಲಾದ ಮೇಲೆ ಹೊಡೆದ ಪೆನಾಲ್ಟಿ ಲೆಕ್ಕಕ್ಕೆ ಬಂತೋ ಇಲ್ಲವೋ. ಮೂರೂ ಟೇಪು, ಸುಣ್ಣ, ಗಡಿಯಾರಕ್ಕೆ ಸೇರಿದ ವಿಷಯ. ಅಳೆಯಬಹುದಾದದ್ದನ್ನೆಲ್ಲ ಹಿಂದಿನ ದಿನವೇ ಅಳೆದು ಎರಡೂ ಕಡೆಯವರಿಗೆ ತೋರಿಸಿಟ್ಟರೆ, ವಾದಕ್ಕೆ ಉಳಿಯುವುದು ಆಟ ಮಾತ್ರ.

ಇಲ್ಲಿ ಹೇಳಿರುವುದು ಬೆಂಗಳೂರಿನ ಸಾಧಾರಣ ಕಾಲೇಜು ಮೈದಾನಕ್ಕೆ. ಕೆಂಪು ಮಣ್ಣು, ಅಲ್ಲಲ್ಲಿ ಹುಲ್ಲು, ನಡುವೆಲ್ಲೋ ಒಂದು ಕ್ರಿಕೆಟ್ ಪಿಚ್ಚು. ಎದುರಾಳಿ ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತಾರೆ, ಪಂದ್ಯ ಶನಿವಾರ ಎಂದಿಟ್ಟುಕೊಳ್ಳೋಣ. ಕೆಲಸ ಬುಧವಾರ ಶುರುವಾಗಬೇಕು.

ಕಿಕ್‌ಆಫ್ ಎಷ್ಟು ಗಂಟೆಗೆ

ಹೊತ್ತನ್ನು ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ. ಬೆಂಗಳೂರಿನಲ್ಲಿ ಜುಲೈನಲ್ಲಿ 6.50ರ ಸುಮಾರಿಗೆ ಸೂರ್ಯ ಮುಳುಗಿದರೆ, ನವೆಂಬರಿನಲ್ಲಿ 5.50ಕ್ಕೇ ಮುಳುಗುತ್ತಾನೆ. 45 ನಿಮಿಷದ ಎರಡು ಅವಧಿ, ನಡುವೆ 15 ನಿಮಿಷ ವಿರಾಮ, ಪೆಟ್ಟು–ಬದಲಿ ಆಟಗಾರರಿಗಾಗಿ ಸೇರುವ ಏಳೆಂಟು ನಿಮಿಷ: ಒಟ್ಟು 1 ಗಂಟೆ 53 ನಿಮಿಷ. ಸಮಬಲವಾದರೆ ಹೆಚ್ಚುವರಿ ಆಟ 30 ನಿಮಿಷ, ಅದರ ಆಚೀಚೆ ಉಸಿರು ತೆಗೆದುಕೊಳ್ಳಲು ಹತ್ತು ನಿಮಿಷ, ಪೆನಾಲ್ಟಿಗೆ ಕಾಲು ಗಂಟೆ. ಎಲ್ಲ ಕೂಡಿದರೆ ಮೂರು ಗಂಟೆಗೆ ಹನ್ನೆರಡು ನಿಮಿಷ ಕಡಿಮೆ. ಅಂದರೆ ನವೆಂಬರಿನಲ್ಲಿ 3 ಗಂಟೆಗೆ ಶುರು ಮಾಡಿದರೂ ಕೊನೆಯ ಪೆನಾಲ್ಟಿ ಮಸುಕಿನಲ್ಲಿ ಹೋಗುತ್ತದೆ. 2.45ಕ್ಕೆ ಇಡಿ. ದೀಪಸ್ತಂಭ ಇಲ್ಲದ ಮೈದಾನದಲ್ಲಿ ‘ನಾಲ್ಕು ಗಂಟೆಗೆ ಪಂದ್ಯ’ ಎಂದು ಪೋಸ್ಟರ್ ಅಂಟಿಸುವುದು ಅನೇಕ ಕಾಲೇಜುಗಳು ಮಾಡುವ ತಪ್ಪು.

ಮೈದಾನದ ಉದ್ದ ಪೂರ್ವ–ಪಶ್ಚಿಮಕ್ಕಿದ್ದರೆ ನಾಲ್ಕರ ನಂತರ ಒಬ್ಬ ಕೀಪರ್ ಕಣ್ಣಿಗೆ ಬಿಸಿಲು ನೇರ ಹೊಡೆಯುತ್ತದೆ. ಅದು ಬೀಳುವುದು ಎರಡನೇ ಅವಧಿಯಲ್ಲಿ. ಟಾಸ್ ಗೆದ್ದವರು ಮೊದಲರ್ಧಕ್ಕೆ ತಮಗೆ ಬೇಕಾದ ಗೋಲನ್ನು ಆರಿಸಬಹುದು, ಇಲ್ಲವೇ ಕಿಕ್‌ಆಫ್ ತೆಗೆದುಕೊಳ್ಳಬಹುದು. ಇದನ್ನು ಅತಿಥಿ ತಂಡಕ್ಕೂ ಮೊದಲೇ ತಿಳಿಸಿ. ಬಿಸಿಲಿನ ದಿಕ್ಕು ಊರಿನವರಿಗಷ್ಟೇ ಗೊತ್ತಿರುವ ಗುಟ್ಟಾಗಬಾರದು.

ಅತಿಥಿಗಳು 1.15ಕ್ಕೆ ಗೇಟಿನೊಳಗೆ ಇರಬೇಕು. ಮೈಸೂರಿನಿಂದ ಹೆದ್ದಾರಿಯಲ್ಲಿ ಬೇಗ ಬಂದುಬಿಡಬಹುದು, ಕೆಂಗೇರಿ ದಾಟಿದ ಮೇಲೆ ಹೊತ್ತು ಹೇಳಬಲ್ಲವರು ಯಾರೂ ಇಲ್ಲ. ತಂಡ ತಡವಾದರೆ ಎಷ್ಟು ನಿಮಿಷ ಕಾಯುವುದು ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳಿ.

ಕಲ್ಲು, ಗುಂಡಿ, ನೀರು

ಬುಧವಾರ ಬೆಳಿಗ್ಗೆ ಮೂವತ್ತು–ಮೂವತ್ತೈದು ಹುಡುಗ ಹುಡುಗಿಯರನ್ನು ಎರಡೆರಡು ಮೀಟರ್ ಅಂತರದಲ್ಲಿ ಸಾಲಾಗಿ ನಿಲ್ಲಿಸಿ. 64 ಮೀಟರ್ ಅಗಲಕ್ಕೆ ಸರಿಹೋಗುತ್ತದೆ. ಎಲ್ಲರೂ ಒಟ್ಟಿಗೆ, ನೆಲ ನೋಡುತ್ತ, ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ನಡೆಯಬೇಕು. ಸಿಗುವುದು ಗರಸು ಕಲ್ಲು, ಬಾಟಲಿ ಚೂರು, ಸೋಡಾ ಮುಚ್ಚಳ. ಇವೆಲ್ಲಕ್ಕಿಂತ ಅಪಾಯದ್ದು ಕಾಲೇಜು ಉತ್ಸವಕ್ಕೆ ಹಾಕಿದ ಶಾಮಿಯಾನದ ಕಬ್ಬಿಣದ ಗೂಟ. ಶಾಮಿಯಾನ ಬಿಚ್ಚುವಾಗ ಅಲುಗದ ಗೂಟವನ್ನು ಕೆಲಸದವರು ಸುತ್ತಿಗೆಯಿಂದ ಒಳಗೆ ಹೊಡೆದು ಹೋಗಿರುತ್ತಾರೆ. ಮಳೆಗೆ ಮೇಲಿನ ಮಣ್ಣು ಕೊಚ್ಚಿ ಹೋದಂತೆ ಅದರ ತಲೆ ಅರ್ಧ ಇಂಚು ಮೇಲೆ ಕಾಣುತ್ತದೆ, ಅದೂ ಗರಿಕೆಯ ನಡುವೆ. ಮತ್ತೆ ಒಳಗೆ ಬಡಿಯಬೇಡಿ. ಸುತ್ತ ನೀರು ಹಾಕಿ, ಒಂದು ಗಂಟೆ ಬಿಟ್ಟು, ಹಾರೆಯಿಂದ ಮೀಟಿ ಕಿತ್ತು ಹಾಕಿ.

ಗುಂಡಿ ತುಂಬುವಾಗ ಒಂದೇ ಸಲಕ್ಕೆ ಬಾಣಲಿ ಮಣ್ಣು ಸುರಿದು ಕಾಲಿನಿಂದ ತುಳಿದರೆ, ಎರಡನೇ ಅವಧಿಯ ಹೊತ್ತಿಗೆ ಅದು ಕುಸಿದು ಯಾರದಾದರೂ ಕಣಕಾಲು ತಿರುಚುತ್ತದೆ. ಮೊದಲು ಗುಂಡಿಯ ಸಡಿಲ ದೂಳನ್ನು ಕೆರೆದು ತೆಗೆಯಿರಿ, ನೀರು ಚಿಮುಕಿಸಿ, ಜರಡಿ ಹಿಡಿದ ಕೆಂಪು ಮಣ್ಣನ್ನು ಐದೈದು ಸೆಂ.ಮೀ. ಪದರವಾಗಿ ಹಾಕಿ, ಪ್ರತಿ ಪದರಕ್ಕೂ ದಿಮ್ಮಸಿನಿಂದ ಬಡಿಯಿರಿ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಬೆರೆಸಬೇಡಿ. ಅದರ ಕಣಕ್ಕೆ ಮೊನಚಾದ ಅಂಚಿರುವುದರಿಂದ ಜಾರಿ ಬಿದ್ದವರ ಮೊಣಕಾಲಿನ ಚರ್ಮ ಕಿತ್ತು ಬರುತ್ತದೆ.

ನೀರಿನ ಲೆಕ್ಕ ಬಹಳ ಜನ ತಪ್ಪುತ್ತಾರೆ. 100 × 64 ಮೀಟರ್ ಮೈದಾನ ಎಂದರೆ 6,400 ಚದರ ಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಬೇಕಾದರೆ 6,400 ಲೀಟರ್ ಬೇಕು. 6,000 ಲೀಟರಿನ ಒಂದು ಟ್ಯಾಂಕರನ್ನು ಇಡೀ ಮೈದಾನಕ್ಕೆ ಹರಡಿದರೆ ದೂಳು ಬಣ್ಣ ಬದಲಿಸಿ ಅರ್ಧ ಗಂಟೆಯಲ್ಲಿ ಮತ್ತೆ ಏಳುತ್ತದೆ, ಅಷ್ಟೆ. ಎರಡು ಪೆನಾಲ್ಟಿ ಬಾಕ್ಸುಗಳು ಸೇರಿ 1,330 ಚದರ ಮೀಟರ್. ಅಲ್ಲಿಗೆ ಮೂರು ಮಿಲಿಮೀಟರಿನಂತೆ 4,000 ಲೀಟರ್ ಕೊಡಿ, ಉಳಿದದ್ದನ್ನು ನಡುವಿನ ವೃತ್ತಕ್ಕೆ ಮತ್ತು ಹುಲ್ಲಿಲ್ಲದ ಅಂಚಿಗೆ ಹಾಕಿ. ಎಸ್‌ಟಿಪಿಯಲ್ಲಿ (ಕೊಳಚೆ ನೀರಿನ ಘಟಕ) ಶುದ್ಧೀಕರಿಸಿದ ನೀರು ಸಿಗುವ ಕಾಲೇಜುಗಳು ಅದನ್ನೇ ಬಳಸಲಿ. ಕುಡಿಯುವ ನೀರಿಗೆ ಪರದಾಡುವ ಊರಿನಲ್ಲಿ ಬೋರ್‌ವೆಲ್ ನೀರನ್ನು ಮಣ್ಣಿಗೆ ಸುರಿಯುವುದು ಸರಿಯಲ್ಲ. ಶುದ್ಧೀಕರಿಸಿದ ನೀರನ್ನು ಹಿಂದಿನ ಸಂಜೆಯೇ ಹಾಕಿ ಮುಗಿಸಿ, ಆಟಗಾರರು ಇರುವಾಗ ಅಲ್ಲ.

ರೋಲರ್ ಯಾವಾಗ ಎಳೆಯಬೇಕು ಎಂಬುದಕ್ಕೆ ಯಂತ್ರ ಬೇಡ, ಮುಷ್ಟಿ ಸಾಕು. ಎರಡು ಇಂಚು ಕೆಳಗಿನ ಮಣ್ಣು ತೆಗೆದು ಬಿಗಿಯಾಗಿ ಹಿಡಿಯಿರಿ. ಬೆರಳ ಸಂದಿಯಿಂದ ನೀರು ಜಿನುಗಿದರೆ ಇನ್ನೂ ಹಸಿ. ಈಗ ಎಳೆದರೆ ಮಣ್ಣು ರೋಲರಿಗೆ ಅಂಟಿ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಕೈ ಬಿಚ್ಚಿದೊಡನೆ ಪುಡಿಯಾಗಿ ಉದುರಿದರೆ ತುಂಬ ಒಣಗಿದೆ, ರೋಲರ್ ಸುಮ್ಮನೆ ಮೇಲೆ ಉರುಳಿ ಹೋಗುತ್ತದೆ. ಉಂಡೆ ನಿಂತು, ಹೆಬ್ಬೆರಳಿನಿಂದ ಒತ್ತಿದಾಗ ಎರಡು ಮೂರು ಹೋಳಾದರೆ ಅದೇ ಹದ.

ಕ್ರಿಕೆಟ್ ಪಿಚ್ಚು ಮಣ್ಣಿನದಾದರೆ ಚಿಂತೆಯಿಲ್ಲ. ಕಾಂಕ್ರೀಟಿನದಾದರೆ ಮೇಲೆ ಒಂದಿಂಚು ಮಣ್ಣು ಹರಡಿ ಮುಚ್ಚುವ ಆಸೆ ಬೇಡ. ಗಟ್ಟಿ ತಳದ ಮೇಲಿನ ತೆಳು ಮಣ್ಣಿನಷ್ಟು ಜಾರುವುದು ಇನ್ನೊಂದಿಲ್ಲ. ಆಟದ ಅಂಕಣವನ್ನೇ ಒಂದು ಬದಿಗೆ ಸರಿಸಿ, ಪಿಚ್ಚು ಟಚ್‌ಲೈನಿನಿಂದ (ಉದ್ದದ ಬದಿಯ ಗೆರೆ) ಕನಿಷ್ಠ ಮೂರು ಮೀಟರ್ ಹೊರಗೆ ಹೋಗುವಂತೆ ಮಾಡಿ. ಅಗಲ ಕಡಿಮೆಯಾದರೂ ಪರವಾಗಿಲ್ಲ.

ಗೆರೆ

ನಿಯಮದಲ್ಲಿ ಉದ್ದಕ್ಕೆ 90ರಿಂದ 120 ಮೀಟರ್, ಅಗಲಕ್ಕೆ 45ರಿಂದ 90 ಮೀಟರ್ ಅವಕಾಶವಿದೆ. ಮೈದಾನಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಬಹುದಾದದ್ದು ಇವೆರಡೇ. ಒಳಗಿನ ಬಾಕ್ಸು, ವೃತ್ತ, ಗೋಲಿನ ಅಳತೆ ಯಾವ ಮೈದಾನದಲ್ಲೂ ಬದಲಾಗುವುದಿಲ್ಲ. ‘ನಮ್ಮದು ಸಣ್ಣ ಮೈದಾನ, ಬಾಕ್ಸೂ ಸಣ್ಣದಿರಲಿ’ ಎಂದು 14 ಮೀಟರಿಗೆ ಎಳೆದ ಗೆರೆಯೇ ಶನಿವಾರ ಜಗಳದ ಮೂಲವಾಗುತ್ತದೆ.

ಮೊದಲು ಮೂಲೆ ಚೌಕವಾಗಬೇಕು. ಒಂದು ಮೂಲೆಗೆ ಗೂಟ ಹೊಡೆದು, ಗೋಲ್ ಲೈನಿನ (ಗೋಲು ಇರುವ ಅಗಲದ ಬದಿಯ ಗೆರೆ) ಮೇಲೆ 12 ಮೀಟರಿಗೆ ಒಂದು ಗುರುತು, ಟಚ್‌ಲೈನಿನ ಮೇಲೆ 16 ಮೀಟರಿಗೆ ಇನ್ನೊಂದು ಗುರುತು ಮಾಡಿ. ಎರಡರ ನಡುವಿನ ಓರೆ ದೂರ ಸರಿಯಾಗಿ 20 ಮೀಟರ್ ಬಂದರೆ ಮೂಲೆ ಚೌಕ. ನಾಲ್ಕೂ ಮೂಲೆ ಮುಗಿದ ಮೇಲೆ ಕರ್ಣ ಅಳೆಯಿರಿ. 100 × 64 ಮೀಟರಿಗೆ ಎರಡೂ ಕರ್ಣ 118.73 ಮೀಟರ್ ಇರಬೇಕು. ಹತ್ತು ಸೆಂ.ಮೀ. ಆಚೀಚೆ ನಡೆಯುತ್ತದೆ. ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಟೇಪು ಜೋತು ಬಿದ್ದಿದೆ.

ಗೆರೆ ತಾನು ಸುತ್ತುವರಿದ ಜಾಗಕ್ಕೇ ಸೇರಿದ್ದು. ಹೀಗಾಗಿ ಎಲ್ಲ ಅಳತೆಯೂ ಗೆರೆಯ ಹೊರ ಅಂಚಿಗೆ. ದಾರ ಕಟ್ಟುವುದು ಹೊರ ಅಂಚಿನ ಮೇಲೆ, ಸುಣ್ಣ ಹಾಕುವುದು ದಾರದ ಒಳಗೆ. ದಾರದ ಮೇಲೆಯೇ ಸುಣ್ಣ ಸುರಿದರೆ ಅರ್ಧ ಗೆರೆ ಹೊರಗೆ ಹೋಗಿ ಬಾಕ್ಸು ಎರಡೂ ಬದಿ ಐದೈದು ಸೆಂ.ಮೀ. ಹಿಗ್ಗುತ್ತದೆ.

ಗೋಲ್ ಲೈನಿನ ನಡುಬಿಂದುವಿನಿಂದ ಎರಡೂ ಕಡೆಗೆ ಅಳೆಯುವುದು ಸುಲಭ. ಗೋಲ್ ಪೋಸ್ಟಿನ ಒಳ ಅಂಚು 3.66 ಮೀಟರಿಗೆ, ಸಣ್ಣ ಬಾಕ್ಸು 9.16ಕ್ಕೆ, ಪೆನಾಲ್ಟಿ ಬಾಕ್ಸು 20.16ಕ್ಕೆ. ಮೈದಾನದ ಒಳಗೆ ಸಣ್ಣ ಬಾಕ್ಸು 5.5 ಮೀಟರ್, ಪೆನಾಲ್ಟಿ ಬಾಕ್ಸು 16.5 ಮೀಟರ್ ಚಾಚುತ್ತದೆ. ಪೆನಾಲ್ಟಿ ಬಿಂದು ಗೋಲ್ ಲೈನಿನಿಂದ 11 ಮೀಟರ್. ಆ ಬಿಂದುವಿನಿಂದ 9.15 ಮೀಟರ್ ಎಳೆದ ಕಮಾನು ಬಾಕ್ಸಿನ ಗೆರೆಯನ್ನು ಮುಟ್ಟುವುದು ಆ ಗೆರೆಯ ನಡುಬಿಂದುವಿನಿಂದ 7.31 ಮೀಟರ್ ಆಚೆ, 7.31 ಮೀಟರ್ ಈಚೆ. ಹಾಗೆ ಮುಟ್ಟದಿದ್ದರೆ ಬಿಂದುವೋ ಬಾಕ್ಸೋ ತಪ್ಪಿದೆ ಎಂದರ್ಥ. ತಪ್ಪು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ನಡುವಿನ ವೃತ್ತದ ತ್ರಿಜ್ಯವೂ 9.15 ಮೀಟರ್. ಇಲ್ಲಿ ಕೆಡುವುದು ದಾರದಿಂದ. ನೈಲಾನ್ ಹುರಿ ಎಳೆದಷ್ಟೂ ಹಿಗ್ಗುತ್ತದೆ. ದಾರವನ್ನು ಗೂಟಕ್ಕೆ ಗಂಟು ಹಾಕಿದರೆ ಸುತ್ತಿದಂತೆಲ್ಲ ಅದು ಗೂಟಕ್ಕೇ ಸುತ್ತಿಕೊಳ್ಳುತ್ತದೆ. ಗೂಟ ನಾಲ್ಕು ಸೆಂ.ಮೀ. ದಪ್ಪವಿದ್ದರೆ ಒಂದು ಸುತ್ತಿಗೆ ಹನ್ನೆರಡೂವರೆ ಸೆಂ.ಮೀ. ಕಡಿಮೆಯಾಗಿ, ಶುರುವಾದ ಕಡೆಗೆ ಬಂದು ಸೇರಬೇಕಾದ ಗೆರೆ ಒಳಗೆ ಬಂದು ನಿಲ್ಲುತ್ತದೆ. ಕಟ್ಟು ತಂತಿ ಬಳಸಿ, ಅದರ ತುದಿಗೆ ಸಡಿಲ ಬಳೆ ಮಾಡಿ ಗೂಟದ ಸುತ್ತ ಸರಾಗ ತಿರುಗುವಂತೆ ಬಿಡಿ.

ಎಲ್ಲ ಗೆರೆಗಳ ಒಟ್ಟು ಉದ್ದ ಸುಮಾರು 700 ಮೀಟರ್. ಗೆರೆಯ ಅಗಲ 12 ಸೆಂ.ಮೀ. ಮೀರಬಾರದು, ಗೋಲ್ ಲೈನ್ ಪೋಸ್ಟಿನಷ್ಟೇ ದಪ್ಪ ಇರಬೇಕು. ಹತ್ತು ಸೆಂ.ಮೀ. ಇಟ್ಟುಕೊಂಡು ಮೀಟರಿಗೆ 100 ಗ್ರಾಂ ಪುಡಿ ಎಂದರೆ 70 ಕೆಜಿ, 25 ಕೆಜಿಯ ಮೂರು ಚೀಲ. ಮಳೆ ಬರುವ ಕಾಲವಾದರೆ ಇನ್ನೂ ಎರಡು ಚೀಲ ತಂದಿಡಿ. ಗೆರೆ ಹಾಕುವ ಗಾಡಿ ಇಲ್ಲದಿದ್ದರೆ ಎರಡು ಹಲಗೆಗಳನ್ನು ಹತ್ತು ಸೆಂ.ಮೀ. ಅಂತರದಲ್ಲಿಟ್ಟು, ನಡುವೆ ಜರಡಿಯಿಂದ ಉದುರಿಸುತ್ತ ಸಾಗಿ.

ಯಾವ ಪುಡಿ ಎಂಬುದು ಪ್ರಾಣದ ವಿಷಯ. ಗೋಡೆಗೆ ಬಳಿಯುವ ಸುಟ್ಟ ಸುಣ್ಣ ಬೇಡವೇ ಬೇಡ. ಬೆವರು, ಹಸಿ ಮಣ್ಣು ತಾಗಿದರೆ ಅದು ಕಾದು ಚರ್ಮ ಸುಡುತ್ತದೆ, ಕಣ್ಣಿಗೆ ಹೋದರೆ ದೃಷ್ಟಿಗೇ ಕುತ್ತು. ಅರಳಿದ ಸುಣ್ಣವೂ ತೀಕ್ಷ್ಣ ಕ್ಷಾರವೇ. ಸೀಮೆಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಎಂದು ಕೇಳಿ ತನ್ನಿ. ಚೀಲದ ಮೇಲೆ ಏನಿದೆ ಎಂದು ಓದಿ. ಅನುಮಾನವಿದ್ದರೆ ಒಂದು ಚಮಚೆ ಪುಡಿಗೆ ಸ್ವಲ್ಪ ನೀರು ಹಾಕಿ ನೋಡಿ, ಬಿಸಿಯಾದರೆ ಅಂಗಡಿಗೆ ವಾಪಸು. ಬಿಸಿಯಾಗದ ಮಾತ್ರಕ್ಕೆ ಅದು ಅರಳಿದ ಸುಣ್ಣ ಅಲ್ಲ ಎಂದಾಗುವುದಿಲ್ಲ, ಆದ್ದರಿಂದ ಹೆಸರು ಬರೆದಿರದ ಚೀಲ ಕೊಳ್ಳಲೇಬೇಡಿ. ಹಾಕುವವರು ಕನ್ನಡಕ ಧರಿಸಿರಲಿ. ಕಣ್ಣಿಗೆ ಯಾವುದೇ ಪುಡಿ ಬಿದ್ದರೂ ಉಜ್ಜದೆ ಇಪ್ಪತ್ತು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ.

ಹಳೆಯ ಖೋ-ಖೋ, ಓಟದ ಗೆರೆಗಳನ್ನು ಪೊರಕೆಯಿಂದ ಕೆದರಿ ಮಣ್ಣು ಉದುರಿಸಿ ಅಳಿಸಿ.

ಗೋಲು

ಪೋಸ್ಟುಗಳ ನಡುವೆ 7.32 ಮೀಟರ್, ಅಡ್ಡಪಟ್ಟಿಯ ಕೆಳ ಅಂಚಿನಿಂದ ನೆಲಕ್ಕೆ 2.44 ಮೀಟರ್. ಎತ್ತರವನ್ನು ಎರಡು ತುದಿಯಲ್ಲಿ ಅಳೆದು ಬಿಡಬೇಡಿ, ನಡುವೆಯೂ ಅಳೆಯಿರಿ. ಹುಡುಗರು ಜೋತಾಡಿ ಪಟ್ಟಿ ನಡುವೆ ಬಾಗಿರುತ್ತದೆ, ಅದರ ಕೆಳಗೆ ಕೀಪರ್ ನಿಂತು ನಿಂತು ನೆಲವೂ ತಗ್ಗಾಗಿರುತ್ತದೆ. ತಗ್ಗನ್ನು ಮೇಲೆ ಹೇಳಿದಂತೆ ಪದರ ಪದರವಾಗಿ ತುಂಬಿ. ಬಾಗಿದ ಪೈಪನ್ನು ವೆಲ್ಡರ್ ಕೈಯಲ್ಲಿ ನೇರ ಮಾಡಿಸಿ.

ಎತ್ತಿ ಇಡುವ ಗೋಲುಗಳಾದರೆ ಹಿಂದಿನ ಚೌಕಟ್ಟನ್ನು ನೆಲಕ್ಕೆ ಬಿಗಿಯಲೇಬೇಕು: ಒಣ ನೆಲದಲ್ಲಿ ಉದ್ದನೆಯ ಕಬ್ಬಿಣದ ಗೂಟ, ಜೊತೆಗೆ ಮರಳು ಚೀಲ. ಜೋತು ಬಿದ್ದ ಮಗುವಿನ ಮೇಲೆ ಗೋಲು ಮಗುಚಿ ಪ್ರಾಣ ಹೋದ ಘಟನೆಗಳು ಜಗತ್ತಿನಲ್ಲಿ ಮತ್ತೆ ಮತ್ತೆ ಆಗಿವೆ. ಇಬ್ಬರು ದೊಡ್ಡವರು ಅಡ್ಡಪಟ್ಟಿ ಹಿಡಿದು ಮುಂದಕ್ಕೆ ಎಳೆದರೂ ಅಲುಗಬಾರದು.

ನೆಟ್ ಕಟ್ಟುವುದಕ್ಕೆ ಕಬ್ಬಿಣದ ಕೊಕ್ಕೆ ಬೇಡ, ಕೀಪರಿನ ಬೆರಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಟೈ ಸಾಕು. ನೆಟ್ಟಿನ ತೂತುಗಳನ್ನು ನೆಟ್ಟಿನದೇ ಬಗೆಯ ದಾರದಿಂದ ಹೊಲಿಯಿರಿ. ನೆಲಕ್ಕೆ ತಾಗುವ ಅಂಚಿಗೆ ಗೂಟ ಹೊಡೆಯದಿದ್ದರೆ ಚೆಂಡು ಅಡಿಯಿಂದ ತೂರಿ ಹೊರಗೆ ಬರುತ್ತದೆ. ಆಗ ನೂರು ಜನ ‘ಗೋಲು’, ನೂರು ಜನ ‘ಇಲ್ಲ’.

ಚೆಂಡು, ಬಟ್ಟೆ, ಒಪ್ಪಂದ

ಐದನೇ ಅಳತೆಯ ಚೆಂಡು, ಸುತ್ತಳತೆ 68–70 ಸೆಂ.ಮೀ., ತೂಕ 410–450 ಗ್ರಾಂ. ಗಾಳಿಯ ಒತ್ತಡ 8.5ರಿಂದ 15.6 ಪಿಎಸ್‌ಐ ಒಳಗೆ ಇರಬೇಕು. ನಮ್ಮ ಗಟ್ಟಿ ನೆಲದಲ್ಲಿ 9–10 ಸಾಕು, ಹೆಚ್ಚಾದರೆ ಚೆಂಡು ತಲೆ ಮಟ್ಟಕ್ಕೆ ಪುಟಿದು ಆಟ ಕೆಡುತ್ತದೆ. ನೆರಳಲ್ಲಿ ಗಾಳಿ ತುಂಬಿ ಬಿಸಿಲಲ್ಲಿ ಇಟ್ಟರೆ ಒತ್ತಡ ಏರುತ್ತದೆ, ಆದ್ದರಿಂದ ಅರ್ಧ ಗಂಟೆ ಮೊದಲು ಮೈದಾನದಲ್ಲೇ ಅಳೆಯಿರಿ. ಸೂಜಿಯನ್ನು ಒದ್ದೆ ಮಾಡಿ ಚುಚ್ಚಿ, ಒಣ ಸೂಜಿ ವಾಲ್ವ್ ಹರಿಯುತ್ತದೆ. ಒಂದೇ ಮಾದರಿಯ ನಾಲ್ಕು ಚೆಂಡು ಬೇಕು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು, ಅಹ್ಮದ್ ಖಾನ್ ಕೂಡ. ಆ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಈಗ ಬೂಟು, ಶಿನ್ ಗಾರ್ಡ್ ಕಡ್ಡಾಯ. ಒಣ ಕೆಂಪು ಮಣ್ಣಿಗೆ ಬೂಟಿನಡಿಯಲ್ಲಿ ರಬ್ಬರಿನ ಸಣ್ಣ ಮುಳ್ಳು, ಅಂದರೆ ಸ್ಟಡ್, ಸರಿ. ತಿರುಗಿಸಿ ಹಾಕುವ ಲೋಹದ ಸ್ಟಡ್ ನೆಲಕ್ಕೆ ಇಳಿಯದೆ ಜಾರುತ್ತದೆ, ಎದುರಿನವರ ಕಾಲು ಸೀಳುತ್ತದೆ. ಕಡಗ, ಉಂಗುರ, ಓಲೆ, ಸರ ಎಲ್ಲ ತೆಗೆಯಬೇಕು. ಟೇಪ್ ಸುತ್ತಿ ಮುಚ್ಚಲು ನಿಯಮದಲ್ಲಿ ಅವಕಾಶವಿಲ್ಲ. ಮನೆಯವರು ಕಟ್ಟಿದ ದಾರ, ತಾಯಿತದ ಬಗ್ಗೆ ಹಿಂದಿನ ದಿನವೇ ಹೇಳಿ, ಟಾಸ್ ಹೊತ್ತಿಗೆ ರೆಫರಿಯೊಂದಿಗೆ ವಾದ ಬೇಡ.

ಎರಡೂ ತಂಡದ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕರು) ಸರ್, ಮೇಡಂ ಸಹಿ ಹಾಕಿದ ಒಂದು ಹಾಳೆ ಇರಲಿ. ಜರ್ಸಿ ಬಣ್ಣ, ಎಷ್ಟು ಜನ ಬದಲಿ, ಸಮಬಲವಾದರೆ ಹೆಚ್ಚುವರಿ ಆಟವೋ ನೇರ ಪೆನಾಲ್ಟಿಯೋ, ಗುರುತಿನ ಚೀಟಿ ಇಲ್ಲದವರ ಗತಿ, ಮಳೆಗೆ ನಿಂತರೆ ಮುಂದೇನು. ಯಾವ ತಂಡದಲ್ಲೇ ಆಗಲಿ ಏಳಕ್ಕಿಂತ ಕಡಿಮೆ ಜನರಾದರೆ ಆಟ ಮುಂದುವರಿಯುವುದಿಲ್ಲ ಎಂಬುದನ್ನೂ ಬರೆಯಿರಿ. ರೆಫರಿ ಮತ್ತು ಇಬ್ಬರು ಲೈನ್ಸ್‌ಮನ್ ಎರಡೂ ಕಾಲೇಜಿಗೆ ಸಂಬಂಧಿಸದವರಾಗಿರಲಿ. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮೂಲಕ ಕೇಳಿ ಕರೆಸಿ, ಅವರ ಗೌರವಧನವನ್ನು ಕಿಕ್‌ಆಫ್‌ಗೆ ಮುಂಚೆ ಕೊಟ್ಟುಬಿಡಿ. ಶುಕ್ರವಾರ ಸಂಜೆ ಎಳೆದ ಗೆರೆಗಳ, ಟೇಪು ಹಿಡಿದ ಗೋಲಿನ ಫೋಟೋಗಳನ್ನು ಅತಿಥಿ ಕ್ಯಾಪ್ಟನ್‌ಗೆ ಕಳಿಸಿ, ಶನಿವಾರ ಬಂದಾಗ ಟೇಪನ್ನು ಅವರ ಕೈಗೇ ಕೊಡಿ.

ಜನ

ಬೊಂಬು ನೆಟ್ಟು, ಟಚ್‌ಲೈನಿನಿಂದ ಐದು ಮೀಟರ್ ದೂರಕ್ಕೆ ಹಗ್ಗ ಕಟ್ಟಿ. ಅಷ್ಟು ಜಾಗವಿಲ್ಲದ ಕಡೆ ಮೂರು. ಗೋಲಿನ ಹಿಂದೆ ಯಾರೂ ನಿಲ್ಲಬಾರದು. ಎರಡು ಕಾಲೇಜಿನವರು ಎದುರುಬದುರು ಟಚ್‌ಲೈನಿನಲ್ಲಿರಲಿ, ತಂಡಗಳ ಬೆಂಚು ಮಾತ್ರ ಒಂದೇ ಬದಿಯಲ್ಲಿ. ತಮಟೆ ಬಾರಿಸಲಿ, ಅದರಿಂದ ಆಟಕ್ಕೆ ಕಳೆ. ಪೀಪಿ, ವಿಷಲ್ ಮಾತ್ರ ಗೇಟಿನಲ್ಲೇ ತೆಗೆದುಕೊಳ್ಳಿ: ರೆಫರಿ ಊದಿದರೆಂದು ಡಿಫೆಂಡರ್ ನಿಂತುಬಿಡುತ್ತಾನೆ, ಗೋಲಾಗಿಬಿಡುತ್ತದೆ.

ಕಾಲೇಜಿನ ಹೆಸರಿಗೆ ಜೈಕಾರ ಎಷ್ಟಾದರೂ ಕೂಗಲಿ. ಊರು, ಜಾತಿ, ಮನೆಮಾತು ಎಳೆದು ತರುವ ಘೋಷಣೆ ಬಂದ ಮೊದಲ ಕ್ಷಣವೇ ವಿದ್ಯಾರ್ಥಿ ಮುಖಂಡರು ನಿಲ್ಲಿಸಬೇಕು. ಇವತ್ತು ಎದುರಾಳಿಗಳಾದ ಇವರೇ ನಾಳೆ ರಾಜ್ಯದ ಒಂದೇ ಜರ್ಸಿ ತೊಡುವವರು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಕರ್ನಾಟಕ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಎತ್ತಿತು. ಅದಕ್ಕೆ ಮೊದಲಿನ ಗೆಲುವು 1968–69ರದ್ದು, ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದಾಗ.

ಪೆಟ್ಟು, ಸಿಡಿಲು

ಗೇಟಿನಿಂದ ಮೈದಾನದವರೆಗಿನ ದಾರಿಯಲ್ಲಿ ಒಂದು ಬೈಕೂ ನಿಲ್ಲಬಾರದು, 108 ಬಂದರೆ ನೇರ ಒಳಗೆ ಬರಬೇಕು. ಆ ದಾರಿ ಕಾಯಲು ಇಬ್ಬರನ್ನು ನಿಲ್ಲಿಸಿ. ಐಸ್ ಡಬ್ಬಿ, ಬಟ್ಟೆ, ಬ್ಯಾಂಡೇಜ್, ಸ್ಟ್ರೆಚರ್ ಬೆಂಚಿನ ಪಕ್ಕದಲ್ಲಿರಲಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಾದ ಜಾಗಕ್ಕೆ ಇಡಿ, ಇಪ್ಪತ್ತು ನಿಮಿಷ ಮೀರಬೇಡಿ. ತಲೆಗೆ ಪೆಟ್ಟಾಗಿ ಕ್ಷಣ ಮಂಕಾದವರು ‘ನಾನು ಆಡ್ತೀನಿ ಸರ್’ ಎಂದರೂ ಆ ದಿನ ಮತ್ತೆ ಮೈದಾನಕ್ಕೆ ಇಳಿಯಕೂಡದು. ಯಾರೂ ಮುಟ್ಟದೆ ತಾನಾಗಿ ಕುಸಿದವರು ಉಸಿರಾಡುತ್ತಿಲ್ಲ ಎಂದರೆ ಕೂಡಲೇ ಎದೆ ಒತ್ತಲು ತೊಡಗಿ: ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂ.ಮೀ. ಆಳಕ್ಕೆ. ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರು ಬರೆದಿದೆಯೋ ಅಷ್ಟರಲ್ಲೇ ಕಲಸಿ.

ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್–ಅಕ್ಟೋಬರ್ ಸಂಜೆಗಳಲ್ಲಿ ಗುಡುಗು ಕೇಳಿದೊಡನೆ ಆಟ ನಿಲ್ಲಿಸಿ, ಎಲ್ಲರನ್ನೂ ಕಟ್ಟಡದೊಳಗೆ ಕಳಿಸಿ. ಮರದಡಿ ಬೇಡ. ಕೊನೆಯ ಗುಡುಗಿನಿಂದ ಮೂವತ್ತು ನಿಮಿಷ ಕಾಯಬೇಕು, ನಡುವೆ ಮತ್ತೆ ಗುಡುಗಿದರೆ ಎಣಿಕೆ ಮೊದಲಿನಿಂದ. ಮಳೆ ನಿಂತ ಮೇಲೆ ಕೆರೆಗಟ್ಟಿದ ನೀರನ್ನು ಪೊರಕೆಯಿಂದ ತಳ್ಳಿದರೆ ಅದು ಪಕ್ಕದ ಒಣ ನೆಲವನ್ನೂ ಕೆಸರು ಮಾಡುತ್ತದೆ. ದೊಡ್ಡ ಸ್ಪಂಜಿನಿಂದ ಹೀರಿ ಬಕೆಟ್ಟಿಗೆ ಹಿಂಡಿ. ಚೆಂಡನ್ನು ನೆಲದ ಮೇಲೆ ಉರುಳಿಸಿ, ಎದೆ ಎತ್ತರದಿಂದ ಬಿಟ್ಟು ನೋಡಿ. ಉರುಳದೆ ನಿಂತರೆ, ಪುಟಿಯದೆ ಕಚ್ಚಿಕೊಂಡರೆ ತೀರ್ಮಾನ ರೆಫರಿಯದು, ಅವರ ಮೇಲೆ ಒತ್ತಡ ಹೇರಬೇಡಿ.

ಮುಗಿದ ಮೇಲೆ ಅತಿಥಿಗಳ ಬಸ್ಸು ಮೊದಲು ಹೊರಡಲಿ. ನಮ್ಮ ಕಡೆಯ ಜನರನ್ನು ಕಾಲು ಗಂಟೆ ಮೈದಾನದಲ್ಲೇ ಹಿಡಿದಿಟ್ಟು ಆಮೇಲೆ ಗೇಟು ತೆರೆಯಿರಿ. ನೆಟ್ ಬಿಚ್ಚಿ ಒಣಗಿಸಿ ಮಡಚಿ, ಒದ್ದೆ ನೆಟ್ಟನ್ನು ಇಲಿ ಕಡಿಯುವ ಸ್ಟೋರಿಗೆ ತುರುಕಬೇಡಿ. ಮೂಲೆಯ ಬಾವುಟದ ಕೋಲು ನಾಲ್ಕೂ ಇವೆಯೇ ಎಣಿಸಿ. ಎತ್ತುವ ಗೋಲುಗಳನ್ನು ಮುಖಾಮುಖಿ ಜೋಡಿಸಿ ಸರಪಳಿ ಹಾಕಿ ಬೀಗ ಜಡಿಯಿರಿ. ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಬೀದಿಯ ಮಕ್ಕಳು ಅಲ್ಲಿಗೇ ಆಡಲು ಬರುತ್ತಾರೆ.